ಹವಳದ ತೊಟ್ಟಿಯ ನೈಟ್ರೇಟ್ 60ರಿಂದ 8ಕ್ಕೆ: ಒಂದು ದುರಸ್ತಿಯ ದಾಖಲೆ

ನಮ್ಮ ಮನೆಯ ಹವಳದ ತೊಟ್ಟಿಯಲ್ಲಿ ನೈಟ್ರೇಟ್ (ಮೀನಿನ ಆಹಾರ, ಕೊಳೆಗಳಲ್ಲಿನ ಸಾರಜನಕ ಮೊದಲು ಅಮೋನಿಯವಾಗಿ, ಕೊನೆಗೆ ತಲುಪುವ ರೂಪ) ಬಹುಕಾಲದಿಂದ 60 ಪಿಪಿಎಂ, ಅಂದರೆ ಲೀಟರಿಗೆ ಸುಮಾರು 60 ಮಿಲಿಗ್ರಾಂ, ಆಸುಪಾಸಿನಲ್ಲಿ ನಿಂತಿತ್ತು. ವಾರಕ್ಕೊಮ್ಮೆ ಹತ್ತರಲ್ಲೊಂದು ಭಾಗ ನೀರು ತೆಗೆದು ಹೊಸ ಉಪ್ಪುನೀರು ತುಂಬುವ ಕ್ರಮ ತಪ್ಪದೆ ನಡೆಯುತ್ತಿದ್ದರೂ ಅಂಕಿ ಕೆಳಗಿಳಿಯುತ್ತಿರಲಿಲ್ಲ. ಹಾಗೆಂದು ಅದು ಏರುತ್ತಲೂ ಇರಲಿಲ್ಲ. ಹೀಗೆ ಒಂದೇ ಕಡೆ ನಿಂತ ಅಂಕಿಯೇ ಈ ಕೆಲಸಕ್ಕೆ ಮೊದಲ ಸುಳಿವು ಕೊಟ್ಟಿತು. ಒಂದು ವಾರದಲ್ಲಿ ತೊಟ್ಟಿಯೊಳಗೆ ಹುಟ್ಟುವ ನೈಟ್ರೇಟ್ ಎಷ್ಟೋ, ನೀರು ಬದಲಾಯಿಸಿದಾಗ ಹೊರಹೋಗುವ ನೈಟ್ರೇಟ್ ಕೂಡ ಅಷ್ಟೇ ಆಗಿದ್ದರೆ ಮಾತ್ರ ಹೀಗಾಗಲು ಸಾಧ್ಯ. 60ರ ಹತ್ತನೇ ಒಂದು ಭಾಗ 6. ಅಂದರೆ ವಾರಕ್ಕೆ ಸುಮಾರು 6 ಪಿಪಿಎಂ ನೈಟ್ರೇಟ್ ಹುಟ್ಟುವ ತೊಟ್ಟಿಯಲ್ಲಿ ಹತ್ತನೇ ಒಂದು ಭಾಗ ನೀರು ಬದಲಾಯಿಸುತ್ತ ಹೋದರೆ, ಎಷ್ಟು ವರ್ಷ ಬದಲಾಯಿಸಿದರೂ ಅಂಕಿ 60ರ ಹತ್ತಿರವೇ ಬಂದು ನಿಲ್ಲುತ್ತದೆ. ಕಾಲು ಭಾಗ ಬದಲಾಯಿಸುವ ಕ್ರಮವಿದ್ದರೆ ಅದೇ ತೊಟ್ಟಿ 24ಕ್ಕೆ ಬಂದು ನಿಲ್ಲುತ್ತದೆ. ನೀರು ಬದಲಾವಣೆಯೊಂದನ್ನೇ ನೆಚ್ಚಿ ನೈಟ್ರೇಟನ್ನು ಒಂದಂಕಿಗೆ ತರುವುದು ಉಪ್ಪಿನ ಚೀಲಗಳ ಖರ್ಚಿನಲ್ಲೂ ಶ್ರಮದಲ್ಲೂ ಮನೆಯ ತೊಟ್ಟಿಗೆ ಆಗದ ಮಾತು ಎಂಬುದು ಈ ಸಣ್ಣ ಲೆಕ್ಕದಿಂದ ಖಚಿತವಾಯಿತು. ಆದ್ದರಿಂದ ಕೆಲಸವನ್ನು ಎರಡು ಕಡೆಯಿಂದ ಮಾಡಬೇಕಾಯಿತು: ಒಳಗೆ ಬರುವುದನ್ನು ತಗ್ಗಿಸುವುದು, ಹೊರಗೆ ಹೋಗಲು ಹೊಸ ದಾರಿಗಳನ್ನು ತೆರೆಯುವುದು.

ತೊಟ್ಟಿಯ ವಿವರ ಹೀಗಿದೆ. ಮೇಲಿನ ಗಾಜಿನ ತೊಟ್ಟಿ 120 ಸೆಂಟಿಮೀಟರ್ ಉದ್ದ, 50 ಅಗಲ, 50 ಎತ್ತರ. ಕೆಳಗಿನ ಕ್ಯಾಬಿನೆಟ್ಟಿನಲ್ಲಿ 75 ಸೆಂಟಿಮೀಟರ್ ಉದ್ದದ ಸಂಪ್, ಅಂದರೆ ಮೇಲಿನ ನೀರು ಇಳಿದುಬಂದು, ಶುದ್ಧವಾಗಿ, ರಿಟರ್ನ್ ಪಂಪಿನಿಂದ ಮೇಲಕ್ಕೆ ಮರಳುವ ಸಣ್ಣ ತೊಟ್ಟಿ. ಕಲ್ಲು ಆಕ್ರಮಿಸಿದ ಜಾಗವನ್ನು ಕಳೆದರೆ ಒಟ್ಟು ನೀರು ಸುಮಾರು 320 ಲೀಟರ್. ಒಂದು ಜೋಡಿ ಕ್ಲೌನ್ ಮೀನು, ಒಂದು ಟ್ಯಾಂಗ್, ಎರಡು ಡ್ಯಾಮ್ಸೆಲ್, ಕ್ಲೀನರ್ ಸೀಗಡಿ ಇವೆ. ಹವಳಗಳೆಲ್ಲ ಮೆದು ಜಾತಿಯವು: ಲೆದರ್ ಹವಳ, ಜೋಆಂಥಿಡ್, ಅಣಬೆ ಹವಳ, ಝೀನಿಯಾ. ಕಲ್ಲುಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ರಕ್ಷಿತವಾಗಿರುವುದರಿಂದ ಅವು ಇಲ್ಲಿಲ್ಲ. ಅವುಗಳನ್ನು ಮುರುಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಹೋಗಿ, ನೀರಿಗಿಳಿದು, ಅವು ಇರುವಲ್ಲಿಯೇ ನೋಡಬೇಕು. ತೊಟ್ಟಿಯಲ್ಲಿರುವ ಕಲ್ಲು ಕೂಡ ಕಡಲಿನಿಂದ ಕಿತ್ತದ್ದಲ್ಲ, ಸುಣ್ಣದಂಶದಿಂದ ಮಾಡಿದ ಕೃತಕ ಕಲ್ಲು.

60 ಪಿಪಿಎಂ ನೈಟ್ರೇಟಿನಿಂದ ಮೀನುಗಳೇನೂ ಸಾಯುವುದಿಲ್ಲ. ಅಮೋನಿಯದ ಹಾಗೆ ಅದು ತಕ್ಷಣ ವಿಷವಾಗುವ ವಸ್ತುವಲ್ಲ. ಆದರೆ ಬಂಡೆಸಾಲಿನ ಮೇಲಿನ ಕಡಲ ನೀರಿನಲ್ಲಿ ಅದು ಸಾಮಾನ್ಯವಾಗಿ 1 ಪಿಪಿಎಂಗಿಂತಲೂ ಕಡಿಮೆ ಇರುತ್ತದೆ, ಹವಳದ ದೇಹ ಆ ಬಡತನಕ್ಕೆ ಹೊಂದಿಕೊಂಡು ಬೆಳೆದಿರುವಂಥದ್ದು. ನೈಟ್ರೇಟ್ ಹೆಚ್ಚಾದಾಗ ಹವಳದ ಜೀವಕೋಶಗಳೊಳಗೆ ವಾಸಿಸುವ ಕಂದು ಬಣ್ಣದ ಸೂಕ್ಷ್ಮ ಪಾಚಿ ಮಿತಿಮೀರಿ ಹೆಚ್ಚುತ್ತದೆ. ಹಸಿರು, ಕಿತ್ತಳೆ ಬಣ್ಣದ ಜೋಆಂಥಿಡ್‌ಗಳೆಲ್ಲ ಒಂದೇ ತೆರನಾದ ಮಂಕು ಕಂದಿಗೆ ತಿರುಗುತ್ತವೆ. ನಮ್ಮಲ್ಲಿ ಆದದ್ದು ಇದೇ. ಗಾಜನ್ನು ಬೆಳಿಗ್ಗೆ ಉಜ್ಜಿದರೆ ಮರುದಿನ ಸಂಜೆಯೊಳಗೆ ಮತ್ತೆ ಹಸಿರು ಪೊರೆ ಕಟ್ಟುತ್ತಿತ್ತು. ಇನ್ನೊಂದು ಲಕ್ಷಣವನ್ನು ಹೆಚ್ಚಿನವರು ನೈಟ್ರೇಟಿನ ಜೊತೆ ಸೇರಿಸಿ ನೋಡುವುದಿಲ್ಲ: ಮೆದು ಹವಳಗಳು ಸುಣ್ಣದ ಅಸ್ಥಿಪಂಜರ ಕಟ್ಟುವುದಿಲ್ಲವಾದರೂ ನೀರಿನ ಕ್ಷಾರೀಯತೆ, ಅಂದರೆ ಆಮ್ಲವನ್ನು ತಡೆದುಕೊಳ್ಳುವ ಶಕ್ತಿ, ನಿಧಾನವಾಗಿ ಇಳಿಯುತ್ತಲೇ ಇತ್ತು. ಅಮೋನಿಯ ನೈಟ್ರೇಟಾಗಿ ಬದಲಾಗುವಾಗ ಆಮ್ಲ ಹುಟ್ಟುತ್ತದೆ. 50 ಪಿಪಿಎಂ ನೈಟ್ರೇಟ್ ಸಂಗ್ರಹವಾಗುವಷ್ಟರಲ್ಲಿ ಸುಮಾರು 2.3 ಡಿಕೆಎಚ್ (ಕ್ಷಾರೀಯತೆಯನ್ನು ಅಳೆಯುವ ಮಾನ) ಕ್ಷಾರೀಯತೆ ಖರ್ಚಾಗಿರುತ್ತದೆ. ಅದೇ ನೈಟ್ರೇಟ್ ಬ್ಯಾಕ್ಟೀರಿಯಾಗಳಿಂದಲೋ ಪಾಚಿಯಿಂದಲೋ ಬಳಕೆಯಾದಾಗ ಆ ಕ್ಷಾರೀಯತೆ ನೀರಿಗೆ ಮರಳುತ್ತದೆ. ನೀರು ಬದಲಾವಣೆಯಲ್ಲಿ ಚೆಲ್ಲಿಹೋದ ನೈಟ್ರೇಟಿನ ಪಾಲು ಮಾತ್ರ ಹೀಗೆ ಮರಳುವುದಿಲ್ಲ.

ಅಳತೆಯನ್ನು ನಂಬುವ ಮೊದಲು

ಬಣ್ಣ ನೋಡಿ ಹೇಳುವ ನೈಟ್ರೇಟ್ ಕಿಟ್‌ಗಳು 50ರ ಮೇಲೆ ಬಹಳ ಒರಟು. ಗುಲಾಬಿಯ ಒಂದು ಛಾಯೆ 50, ಅದಕ್ಕಿಂತ ತುಸು ಗಾಢವಾದದ್ದು 100 ಎಂದಿದ್ದಾಗ ನಡುವಿನ ಅಂಕಿಯನ್ನು ಕಣ್ಣು ಊಹಿಸುತ್ತದೆಯೇ ಹೊರತು ಅಳೆಯುವುದಿಲ್ಲ. ಇದಕ್ಕೆ ಪರಿಹಾರ ಸರಳ: ಒಂದು ಪಾಲು ತೊಟ್ಟಿಯ ನೀರಿಗೆ ನಾಲ್ಕು ಪಾಲು, ಪೊರೆಯಲ್ಲೂ ರಾಳದಲ್ಲೂ ಸೋಸಿ ಲವಣಗಳನ್ನು ತೆಗೆದ ಶುದ್ಧ ಆರ್‌ಒ-ಡಿಐ ನೀರು ಬೆರೆಸಿ, ಆ ಮಿಶ್ರಣವನ್ನು ಪರೀಕ್ಷಿಸಿ, ಬಂದ ಅಂಕಿಯನ್ನು ಐದರಿಂದ ಗುಣಿಸಬೇಕು. ಹೀಗೆ ಮಾಡಿದಾಗ ಬಣ್ಣ ಕಿಟ್ಟಿನ ಬಣ್ಣಪಟ್ಟಿಯಲ್ಲಿ 10 ಎಂದಿರುವ ಚೌಕಕ್ಕಿಂತ ಸ್ವಲ್ಪವೇ ಗಾಢವಾಗಿ, 12ರ ಹತ್ತಿರ ನಿಂತಿತು. 60 ಎಂಬ ಅಂಕಿ ಬಂದದ್ದು ಹಾಗೆ. ಬೆರೆಸುವ ನೀರಿನಲ್ಲೇ ನೈಟ್ರೇಟ್ ಇದ್ದರೆ ಲೆಕ್ಕ ಕೆಡುತ್ತದೆ, ಆದ್ದರಿಂದ ಆ ನೀರನ್ನೂ ಮೊದಲು ಪರೀಕ್ಷಿಸಬೇಕು. ಅಮೋನಿಯ ನೈಟ್ರೇಟಾಗುವ ನಡುವಿನ ರೂಪವಾದ ನೈಟ್ರೈಟ್ ಕೂಡ ಶೂನ್ಯವಿದೆ ಎಂದು ನೋಡಿಕೊಳ್ಳುವುದು ಅಗತ್ಯ. ಈ ಕಿಟ್‌ಗಳು ನೈಟ್ರೇಟನ್ನು ನೈಟ್ರೈಟಾಗಿ ಬದಲಾಯಿಸಿ, ಅದರ ಬಣ್ಣವನ್ನು ತೋರಿಸುತ್ತವೆ. ನೀರಿನಲ್ಲಿ ಮೊದಲೇ ಸ್ವಲ್ಪ ನೈಟ್ರೈಟ್ ಇದ್ದರೂ ಅಂಕಿ ಸುಳ್ಳಾಗಿ ಮೇಲೇರುತ್ತದೆ.

ಕಿಟ್ ನಿಜ ಹೇಳುತ್ತಿದೆಯೇ ಎಂದು ತಿಳಿಯಲು ಒಂದು ಮಾದರಿ ದ್ರಾವಣ ಮಾಡಿಟ್ಟುಕೊಂಡೆ. ಪ್ರಯೋಗಾಲಯಕ್ಕೆ ಮಾರುವ ಪೊಟ್ಯಾಸಿಯಂ ನೈಟ್ರೇಟನ್ನು, ಅಂದರೆ ಪೆಟ್ಲುಪ್ಪನ್ನು, 1.63 ಗ್ರಾಂ ತೂಗಿ ಒಂದು ಲೀಟರ್ ಶುದ್ಧ ನೀರಿನಲ್ಲಿ ಕರಗಿಸಿದರೆ 1000 ಪಿಪಿಎಂ ನೈಟ್ರೇಟ್ ದ್ರಾವಣವಾಗುತ್ತದೆ. ಅದರಲ್ಲಿ 10 ಮಿಲಿಲೀಟರ್ ತೆಗೆದು, ಹೊಸದಾಗಿ ಕಲಸಿದ ಉಪ್ಪುನೀರನ್ನು ಸೇರಿಸಿ ಒಂದು ಲೀಟರ್ ಮಾಡಿದರೆ 10 ಪಿಪಿಎಂ. ಗೊಬ್ಬರದಂಗಡಿಯಲ್ಲಿ 13:0:45 ಎಂದು ಸಿಗುವುದೂ ಇದೇ ವಸ್ತು, ಆದರೆ ಅದರ ಶುದ್ಧತೆ ಅಳತೆಗೋಲಾಗುವಷ್ಟು ಇರುವುದಿಲ್ಲ. ಕಿಟ್ ನನ್ನ ದ್ರಾವಣವನ್ನು 10ರ ಚೌಕದ ಮೇಲೆಯೇ ತೋರಿಸಿತು. ಮತ್ತೊಂದು ಸಂಗತಿ: ಕೆಲವು ಕಿಟ್‌ಗಳು ನೈಟ್ರೇಟನ್ನಲ್ಲ, ಅದರೊಳಗಿನ ಸಾರಜನಕವನ್ನು ಮಾತ್ರ ಹೇಳುತ್ತವೆ. ಅಂಥ ಅಂಕಿಯನ್ನು 4.43ರಿಂದ ಗುಣಿಸಿದರೆ ನೈಟ್ರೇಟ್ ಸಿಗುತ್ತದೆ. ಇಬ್ಬರು ತಮ್ಮ ತೊಟ್ಟಿಗಳ ಅಂಕಿ ಹೋಲಿಸಿಕೊಂಡು ಒಬ್ಬರು ಹೆದರುವುದು, ಇನ್ನೊಬ್ಬರು ನಿರಾಳವಾಗುವುದು ಎಷ್ಟೋ ಸಲ ಈ ಒಂದು ಕಾರಣದಿಂದಲೇ ಆಗಿರುತ್ತದೆ.

ಒಳಗೆ ಬರುತ್ತಿದ್ದುದೆಲ್ಲಿಂದ

ನೈಟ್ರೇಟಿನ ಮೂಲ ಮೀನಿನ ಆಹಾರ. ಇದು ಎಲ್ಲರಿಗೂ ಗೊತ್ತಿರುವ ಮಾತೇ ಆದರೂ ಎಷ್ಟು ಎಂಬುದನ್ನು ತೂಗಿ ನೋಡುವವರು ಕಡಿಮೆ. ನಮ್ಮ ಮನೆಯಲ್ಲಿ ಬೆಳಿಗ್ಗೆ ಅಮ್ಮ, ಸಂಜೆ ನಾನು ಆಹಾರ ಹಾಕುತ್ತೇವೆ. ಚಿನ್ನ ತೂಗುವಂಥ ಚಿಕ್ಕ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲೆ ಕಾಗದ ಇಟ್ಟು, ಇಬ್ಬರ ಚಿಟಿಕೆಗಳನ್ನೂ ಅದರ ಮೇಲೆ ಉದುರಿಸಿ ನೋಡಿದಾಗ ದಿನದ ಒಟ್ಟು ತೂಕ 0.9 ಗ್ರಾಂ ಬಂತು. ಒಣ ಆಹಾರದಲ್ಲಿ ಸುಮಾರು ಅರ್ಧದಷ್ಟು ಪ್ರೋಟೀನ್, ಪ್ರೋಟೀನಿನಲ್ಲಿ ಸುಮಾರು 16 ಶೇಕಡಾ ಸಾರಜನಕ. ಅಂದರೆ ಒಂದು ಗ್ರಾಂ ಆಹಾರದಲ್ಲಿ 0.08 ಗ್ರಾಂ ಸಾರಜನಕ. ಅದೆಲ್ಲವೂ ನೈಟ್ರೇಟಾದರೆ 0.35 ಗ್ರಾಂ, 320 ಲೀಟರಿನಲ್ಲಿ ಅದು 1.1 ಪಿಪಿಎಂ. ಈ ಲೆಕ್ಕದಲ್ಲಿ ನಮ್ಮ ಚಿಟಿಕೆಗಳು ವಾರಕ್ಕೆ ಗರಿಷ್ಠ 7 ಪಿಪಿಎಂ ತರುತ್ತಿದ್ದವು. ಒಂದು ಪಾಲು ಮೀನಿನ ಮೈ ಸೇರುತ್ತದೆ, ಒಂದು ಪಾಲನ್ನು ನೊರೆಯಿಂದ ಕಸ ತೆಗೆಯುವ ಯಂತ್ರವಾದ ಸ್ಕಿಮ್ಮರ್ ಕೊಳೆಯುವ ಮೊದಲೇ ಎತ್ತುತ್ತದೆ. ಆರಂಭದಲ್ಲಿ ಊಹಿಸಿದ ವಾರಕ್ಕೆ 6 ಎಂಬ ಅಂಕಿಗೂ ತಕ್ಕಡಿ ಹೇಳಿದ್ದಕ್ಕೂ ಹೀಗೆ ತಾಳೆಯಾಯಿತು.

ಚಿಟಿಕೆಯ ಬದಲು ಔಷಧದ ಡಬ್ಬಿಯೊಳಗೆ ಬರುವ ಪುಟ್ಟ ಚಮಚವೊಂದನ್ನು ಆಹಾರದ ಡಬ್ಬಿಯಲ್ಲಿಟ್ಟೆ. ಮಟ್ಟಸವಾಗಿ ತುಂಬಿದರೆ ಅದರಲ್ಲಿ 0.2 ಗ್ರಾಂಗಿಂತ ತುಸು ಹೆಚ್ಚು ಹಿಡಿಯುತ್ತದೆ. ಬೆಳಿಗ್ಗೆ ಒಂದು, ಸಂಜೆ ಒಂದು. “ಟ್ಯಾಂಗ್ ಹಸಿದ ಹಾಗೆ ಕಾಣುತ್ತೆ ಕಣೋ” ಎಂದು ಅಮ್ಮ ಕೆಲವು ದಿನ ಹೇಳಿದರು. ಟ್ಯಾಂಗ್ ಸದಾ ಹಸಿದ ಹಾಗೆಯೇ ಕಾಣುವ ಮೀನು; ಅದಕ್ಕೆ ಒಣ ನೋರಿ ಎಲೆಯ ಒಂದು ತುಂಡನ್ನು ಕ್ಲಿಪ್ಪಿಗೆ ಸಿಕ್ಕಿಸಿದ ಮೇಲೆ ಇಬ್ಬರಿಗೂ ಸಮಾಧಾನವಾಯಿತು. ಮೀನುಗಳ ಹೊಟ್ಟೆ ಒಳಕ್ಕೆ ಸೊರಗಿಲ್ಲವೆಂದು, ಬೆನ್ನಿನ ಮೇಲ್ಭಾಗ ತೆಳುವಾಗಿಲ್ಲವೆಂದು ಪ್ರತಿ ವಾರ ಗಮನಿಸುತ್ತಿದ್ದೆ. ಹಿಮಗಟ್ಟಿಸಿದ ಮೈಸಿಸ್ ಸೀಗಡಿಯನ್ನು ವಾರಕ್ಕೆರಡು ಸಲ ಹಾಗೆಯೇ ಉಳಿಸಿಕೊಂಡೆ. ಅದರ ಕರಗಿದ ನೀರನ್ನು ಸೋಸಿ ಚೆಲ್ಲಬೇಕೆಂದು ಹಲವರು ಒತ್ತಿ ಹೇಳುತ್ತಾರೆ. ಚೆಲ್ಲುವುದರಿಂದ ಕೆಡುವುದೇನಿಲ್ಲ; ಆದರೆ ಮೂರು ಗ್ರಾಂ ತೂಗುವ ಒಂದು ತುಂಡಿನಲ್ಲಿ ಬಹುಪಾಲು ನೀರೇ ಇದ್ದು, ಇಡೀ ತುಂಡೇ ಈ ತೊಟ್ಟಿಯಲ್ಲಿ 0.7 ಪಿಪಿಎಂ ಮೀರಿ ನೈಟ್ರೇಟ್ ತರಲಾರದು. ಹಾಗಿರುವಾಗ ಅದರ ರಸವೊಂದೇ ದೊಡ್ಡ ಅಪರಾಧಿಯಾಗುವುದು ಹೇಗೆ? ತೂಕವೇ ಇಲ್ಲಿ ಮುಖ್ಯ ಎಂಬುದು ನನ್ನ ಅಭಿಪ್ರಾಯ.

ಎರಡನೆಯ ಮೂಲ ನೀರು. ಕರ್ನಾಟಕದ ಎಷ್ಟೋ ಕಡೆ ಕೊಳವೆಬಾವಿಯ ನೀರಿನಲ್ಲಿ ನೈಟ್ರೇಟ್ ಇರುತ್ತದೆ. ಕುಡಿಯುವ ನೀರಿಗೆ ಭಾರತೀಯ ಮಾನಕ ಹಾಕಿರುವ ಮಿತಿಯೇ ಲೀಟರಿಗೆ 45 ಮಿಲಿಗ್ರಾಂ. ನಮ್ಮ ಬೆಂಗಳೂರಿನ ಬಡಾವಣೆಯಲ್ಲಿ ಕಾವೇರಿ ನೀರೂ ಕೊಳವೆಬಾವಿ ನೀರೂ ಬೆರೆತೇ ಬರುತ್ತವೆ. ಆವಿಯಾದ ನೀರಿನ ಬದಲಿಗೆ ತೊಟ್ಟಿಗೆ ಸೇರುತ್ತಿದ್ದುದು ಅಡುಗೆಮನೆಯ ಆರ್‌ಒ ಯಂತ್ರದ ನೀರು. ಕುಡಿಯುವ ನೀರಿಗೆ ರುಚಿ ಇರಲೆಂದು ಇಂಥ ಯಂತ್ರಗಳಲ್ಲಿ ಟಿಡಿಎಸ್ (ನೀರಿನಲ್ಲಿ ಕರಗಿರುವ ಲವಣಗಳ ಪ್ರಮಾಣ) ಹೊಂದಿಸುವ ಒಂದು ತಿರುಪು ಇರುತ್ತದೆ. ಅದು ಪೊರೆಯನ್ನು ದಾಟದ ನೀರನ್ನೇ ಸ್ವಲ್ಪ ಮರಳಿ ಬೆರೆಸುತ್ತದೆ. ಮನುಷ್ಯರಿಗೆ ಅದು ಒಳ್ಳೆಯದೇ, ತೊಟ್ಟಿಗೆ ಅಲ್ಲ. ಆ ನೀರನ್ನು ಪರೀಕ್ಷಿಸಿದಾಗ 10 ಪಿಪಿಎಂ ನೈಟ್ರೇಟ್ ಕಂಡಿತು. ದಿನಕ್ಕೆ ಸುಮಾರು 3 ಲೀಟರ್ ಆವಿಯಾಗುವ ಈ ತೊಟ್ಟಿಗೆ ವಾರದಲ್ಲಿ 21 ಲೀಟರ್ ಸೇರುತ್ತದೆ, ಅದರೊಂದಿಗೆ 0.7 ಪಿಪಿಎಂ ನೈಟ್ರೇಟ್. ಆವಿಯಾಗಿ ಹೋಗುವುದು ನೀರು ಮಾತ್ರ, ನೈಟ್ರೇಟ್ ಒಳಗೇ ಉಳಿಯುತ್ತದೆ. ಸಣ್ಣ ಅಂಕಿಯಾದರೂ ಇದು ನಿಲ್ಲದೆ ಬರುವಂಥದ್ದು. ತೊಟ್ಟಿಗೆಂದೇ ಬೇರೆ ಆರ್‌ಒ ಪೊರೆ, ಅದರ ಮುಂದೆ ಡಿಐ ರಾಳದ ಒಂದು ಕೊಳವೆ ಜೋಡಿಸಿ, ಟಿಡಿಎಸ್ ಮಾಪಕ ಸೊನ್ನೆ ತೋರಿಸುವ ನೀರನ್ನಷ್ಟೇ ಬಳಸಲು ತೊಡಗಿದೆ. ಪೊರೆಯೊಂದೇ ನೈಟ್ರೇಟನ್ನು ಪೂರ್ತಿಯಾಗಿ ತಡೆಯುವುದಿಲ್ಲವಾದ್ದರಿಂದ ರಾಳ ಬೇಕೇ ಬೇಕು.

ಮೂರನೆಯದು ಕೂಡಿಬಿದ್ದ ಕೊಳೆ. ಸಂಪಿನ ಮಧ್ಯದ ಕೋಣೆಯಲ್ಲಿ ಸೆರಾಮಿಕ್ ಉಂಗುರಗಳ ಎರಡು ಜಾಲಿ ಚೀಲಗಳಿದ್ದವು. ಬಕೆಟ್ಟಿನಲ್ಲಿ ತೊಟ್ಟಿಯದೇ ನೀರು ಹಿಡಿದು ಒಂದು ಚೀಲವನ್ನು ಮುಳುಗಿಸಿ ಅಲ್ಲಾಡಿಸಿದಾಗ ನೀರು ಕಾಫಿ ಡಿಕಾಕ್ಷನ್ನಿನಂತಾಯಿತು. ಉಂಗುರಗಳ ರಂಧ್ರಗಳೆಲ್ಲ ಮುಚ್ಚಿ, ಮೇಲೆ ಕೂತ ಕೆಸರು ಅಲ್ಲೇ ಕೊಳೆಯುತ್ತ, ಅಮೋನಿಯವಾಗಿ, ನೈಟ್ರೇಟಾಗಿ ನೀರಿಗೆ ಸೇರುತ್ತಿತ್ತು. ಎರಡನ್ನೂ ಒಟ್ಟಿಗೆ ತೆಗೆದರೆ ಬ್ಯಾಕ್ಟೀರಿಯಾಗಳ ನೆಲೆ ಒಮ್ಮೆಲೇ ತಪ್ಪಿ ಅಮೋನಿಯ ಏರುವ ಅಪಾಯವಿರುತ್ತದೆ. ಒಂದು ಚೀಲವನ್ನು ತೆಗೆದು, ಇನ್ನೊಂದನ್ನು ಜಾಲಾಡಿ ಮರಳಿ ಇಟ್ಟೆ. ಕಲ್ಲುಗಳ ಹಿಂದೆ, ಅಲೆ ತಲುಪದ ಮೂಲೆಯಲ್ಲಿ ಕೂತಿದ್ದ ಬೂದಿಯಂಥ ಕಸವನ್ನು ಸೈಫನ್ ಪೈಪಿನಿಂದ ಎಳೆದು, ಅಲ್ಲಿಗೊಂದು ನೀರು ತಳ್ಳುವ ಸಣ್ಣ ಪಂಪು, ಅಂದರೆ ಪವರ್‌ಹೆಡ್ ತಿರುಗಿಸಿದೆ. ಫಿಲ್ಟರ್ ಚೀಲವನ್ನು ಈಗ ಮೂರು ದಿನಕ್ಕೊಮ್ಮೆ ಬದಲಾಯಿಸುತ್ತೇನೆ. ಅದಕ್ಕಿಂತ ಹೆಚ್ಚು ಕಾಲ ಬಿಟ್ಟರೆ ಅದು ಹಿಡಿದ ಕಸವೆಲ್ಲ ಅಲ್ಲೇ ಕರಗಿ ಮತ್ತೆ ನೀರಿಗೇ ಸೇರುತ್ತದೆ.

ಸ್ಕಿಮ್ಮರನ್ನೂ ಬಿಚ್ಚಿದೆ. ಅದು ನೈಟ್ರೇಟನ್ನು ತೆಗೆಯುವ ಯಂತ್ರವಲ್ಲ, ನೈಟ್ರೇಟಾಗುವ ಮೊದಲೇ ಸಾವಯವ ಕಸವನ್ನು ನೊರೆಯಲ್ಲಿ ಎತ್ತಿ ಹೊರಹಾಕುವುದು ಅದರ ಕೆಲಸ. ಗಾಳಿ ಎಳೆಯುವ ಸಣ್ಣ ಕೊಳವೆ ಪಂಪಿನ ಬಾಯಿಗೆ ಸೇರುವಲ್ಲಿ ಉಪ್ಪು ಗಟ್ಟಿಯಾಗಿ ಕಟ್ಟಿ, ಸಾಸಿವೆ ಕಾಳಿನಷ್ಟು ಮಾತ್ರ ದಾರಿ ಉಳಿದಿತ್ತು. ಬಿಸಿನೀರಿಗೆ ಅದು ಕರಗಿತು. ಪಂಪಿನ ಚಕ್ರದ ಮೇಲಿನ ಬಿಳಿ ಸುಣ್ಣದ ಪದರಕ್ಕೆ ಒಂದು ಲೋಟ ನೀರಿಗೆ ಎರಡು ಚಮಚ ನಿಂಬೆ ಉಪ್ಪು ಹಾಕಿ ರಾತ್ರಿಯಿಡೀ ನೆನೆಸಬೇಕಾಯಿತು. ಮರುಜೋಡಿಸಿದ ಮೇಲೆ ಗಾಳಿಯ ಸದ್ದೇ ಬೇರೆಯಾಗಿತ್ತು. ಬಟ್ಟಲಿಗೆ ಬರುತ್ತಿದ್ದ ತಿಳಿ ಹಳದಿ ನೀರಿನ ಬದಲು ಎರಡೇ ದಿನದಲ್ಲಿ ಗಾಢ ಕಂದು ಬಣ್ಣದ ದ್ರವ ಬರಲಾರಂಭಿಸಿತು.

ಈ ಹೊತ್ತಿನಲ್ಲಿಯೇ ಕೆಲವು ವಾರ ಕಾಲು ಭಾಗ ನೀರು ಬದಲಾಯಿಸಿದೆ. ಒಂದು ಸಲಕ್ಕೆ 80 ಲೀಟರ್. ಸುಮಾರು 3 ಕಿಲೋ ಉಪ್ಪು ಕಲಸಿ, ಒಂದು ದಿನ ಪವರ್‌ಹೆಡ್ ಮತ್ತು ಹೀಟರ್ ಇಟ್ಟು, ಲವಣಾಂಶ 35 ಪಿಪಿಟಿಯಲ್ಲಿ (ಸಾವಿರಕ್ಕೆ 35 ಪಾಲು), ಉಷ್ಣತೆ ತೊಟ್ಟಿಯಷ್ಟೇ ಇರುವಂತೆ ನೋಡಿಕೊಂಡು ತುಂಬಿದೆ. ಅಂಕಿ 60ರಿಂದ 48ಕ್ಕೆ, 39ಕ್ಕೆ, 32ಕ್ಕೆ ಬಂತು. ಒಳಬರುವ ನೈಟ್ರೇಟ್ ವಾರಕ್ಕೆ 6ರಿಂದ ಸುಮಾರು 3ಕ್ಕೆ ಇಳಿದಿದೆ ಎಂಬುದು ಈ ಅಂಕಿಗಳ ಇಳಿಜಾರಿನಿಂದಲೇ ತಿಳಿಯಿತು. ಇಲ್ಲಿಂದ ಮತ್ತೆ ವಾರಕ್ಕೆ ಹತ್ತನೇ ಒಂದು ಭಾಗದ ಕ್ರಮಕ್ಕೆ ಮರಳಿದರೆ ತೊಟ್ಟಿ 30ರಲ್ಲಿ ನಿಲ್ಲುತ್ತದೆ. ಮುಂದಿನ ಇಳಿಕೆಗೆ ಹೊರದಾರಿಗಳು ಬೇಕು.

ಸಂಪಿನೊಳಗೆ ಪಾಚಿಯ ತೋಟ

ಸೆರಾಮಿಕ್ ಚೀಲ ತೆಗೆದದ್ದರಿಂದ ಸಂಪಿನ ಮಧ್ಯದ ಕೋಣೆಯಲ್ಲಿ ಜಾಗವಾಯಿತು. ಅಲ್ಲಿ ಕೀಟೊಮಾರ್ಫಾ ಎಂಬ ಹಸಿರು ಪಾಚಿ ಬೆಳೆಸಲು ನಿರ್ಧರಿಸಿದೆ. ನೋಡಲು ಅದು ಬಿರುಸಾದ ಹಸಿರು ದಾರದ ಉಂಡೆ. ಕಲ್ಲಿಗೆ ಅಂಟಿಕೊಳ್ಳುವುದಿಲ್ಲ, ಹಿಡಿದೆತ್ತಿದರೆ ಇಡಿಯಾಗಿ ಬರುತ್ತದೆ, ಕಾಲರ್ಪಾ ಜಾತಿಯ ಪಾಚಿಗಳಂತೆ ಒಂದು ರಾತ್ರಿಯಲ್ಲಿ ಬೀಜಕಣ ಬಿಟ್ಟು ಕರಗಿ, ಹೀರಿದ್ದನ್ನೆಲ್ಲ ನೀರಿಗೆ ಮರಳಿ ಕೊಡುವ ಗುಣ ಅದಕ್ಕಿಲ್ಲ. ಸಂಪನ್ನು ಬರಿದುಮಾಡಿ ಗಾಜಿನ ತಡೆಗಳನ್ನು ಹೊಸದಾಗಿ ಅಂಟಿಸುವ ಗೋಜಿಗೆ ಹೋಗಲಿಲ್ಲ. ಫಾಲ್ಸ್ ಸೀಲಿಂಗ್ ದೀಪಗಳ ಕೆಳಗೆ ಹಾಕುವ ಚೌಕುಳಿ ಪ್ಲಾಸ್ಟಿಕ್ ಜಾಲರಿಯನ್ನು ಅಳತೆಗೆ ಕತ್ತರಿಸಿ, ಇರುವ ತಡೆಗಳಿಗೆ ಒತ್ತಿ ನಿಲ್ಲಿಸಿ, ಪಾಚಿಯ ಎಳೆಗಳು ರಿಟರ್ನ್ ಪಂಪಿನ ಬಾಯಿಗೆ ಹೋಗದಂತೆ ಮಾಡಿದೆ. ನೀರು ತಳದಿಂದ ಒಳಬಂದು ಉಂಡೆಯನ್ನು ನಿಧಾನವಾಗಿ ಉರುಳಿಸುವಂತೆ ಒಂದು ಬಾಗುಕೊಳವೆ ಜೋಡಿಸಿದೆ. ಉಂಡೆ ಉರುಳದಿದ್ದರೆ ಕೆಳಗಿನ ಅರ್ಧ ಬೆಳಕು ಕಾಣದೆ ಬಿಳಿಚಿ ಕೊಳೆಯುತ್ತದೆ.

ಬೆಳಕಿಗೆ ಗಿಡ ಬೆಳೆಸಲು ಮಾರುವ 20 ವ್ಯಾಟಿನ ಕೆಂಪು-ನೀಲಿ ಎಲ್‌ಇಡಿ. ಉಪ್ಪಿನ ಹನಿ ತಾಗದಂತೆ ನಡುವೆ ಅಕ್ರಿಲಿಕ್ ಹಾಳೆ ಇಟ್ಟಿದ್ದೇನೆ. ದೀಪದ ವೈರನ್ನು ಪ್ಲಗ್ಗಿಗಿಂತ ಕೆಳಕ್ಕೆ ಜೋತುಬಿಟ್ಟು ಮತ್ತೆ ಮೇಲಕ್ಕೆ ತಂದಿದ್ದೇನೆ, ಹಾಗಾಗಿ ವೈರಿನ ಮೇಲೆ ಹರಿದ ಹನಿ ಪ್ಲಗ್ಗಿನೊಳಗೆ ಹೋಗದೆ ಕೆಳಗೇ ತೊಟ್ಟಿಕ್ಕುತ್ತದೆ. ಕ್ಯಾಬಿನೆಟ್ಟಿನೊಳಗೆ ವಿದ್ಯುತ್ ಇರುವ ಯಾರೂ ಇದನ್ನು ಬಿಡಬಾರದು. ದೀಪ ರಾತ್ರಿ 10ಕ್ಕೆ ಹತ್ತಿ ಬೆಳಿಗ್ಗೆ 10ಕ್ಕೆ ಆರುತ್ತದೆ. ಮೇಲಿನ ತೊಟ್ಟಿ ಕತ್ತಲಾಗಿದ್ದಾಗ ಕೆಳಗೆ ಪಾಚಿ ಇಂಗಾಲದ ಡೈಆಕ್ಸೈಡ್ ಹೀರುವುದರಿಂದ ರಾತ್ರಿಯ ಪಿಎಚ್ ಇಳಿತವೂ ಕಡಿಮೆಯಾಗುತ್ತದೆ.

ಪಾಚಿ ನೈಟ್ರೇಟನ್ನು ಹೊರಹಾಕುವುದು ಬೆಳೆದಾಗಲ್ಲ, ಕೊಯ್ದಾಗ. ನೂರು ಗ್ರಾಂ ಹಸಿ ಪಾಚಿಯಲ್ಲಿ ಒಣ ಅಂಶ ಸುಮಾರು 10 ಗ್ರಾಂ. ಅದರಲ್ಲಿ ಸಾರಜನಕ 3 ಶೇಕಡಾ ಎಂದು ಹಿಡಿದರೆ, ನಮ್ಮ ತೊಟ್ಟಿಯ ಲೆಕ್ಕದಲ್ಲಿ ಸುಮಾರು 4 ಪಿಪಿಎಂ ನೈಟ್ರೇಟಿಗೆ ಸಮ. ಇದು ಅಂದಾಜಿನ ಲೆಕ್ಕವಾದರೂ ಎಷ್ಟು ಕೊಯ್ದರೆ ಎಷ್ಟು ಹೋಯಿತು ಎಂಬ ಹಿಡಿತ ಕೊಡುತ್ತದೆ. ಮೊದಲು ಪಾಚಿ ಅಲುಗದೆ ಕೂತಂತೆ ಕಂಡು, ಆಮೇಲೆ ಹೊಸ ತಿಳಿ ಹಸಿರು ಎಳೆಗಳನ್ನು ಬಿಟ್ಟಿತು. ಈಗ ಎರಡು ವಾರಕ್ಕೊಮ್ಮೆ ಮೂರರಲ್ಲೊಂದು ಭಾಗ ಕಿತ್ತು, ಹಿಂಡಿ, ತೂಗಿ ಬರೆದಿಡುತ್ತೇನೆ. ಸಿಹಿನೀರಿನಲ್ಲಿ ಚೆನ್ನಾಗಿ ತೊಳೆದ ಪಾಚಿ ಹಿತ್ತಲಿನ ಗೊಬ್ಬರದ ಗುಂಡಿಗೆ ಹೋಗುತ್ತದೆ.

ವಿನೆಗರ್

ಇಂಗಾಲದ ಆಹಾರ ಕೊಟ್ಟರೆ ಬ್ಯಾಕ್ಟೀರಿಯಾಗಳು ಹೆಚ್ಚುತ್ತವೆ. ಹೆಚ್ಚುವಾಗ ನೀರಿನ ಸಾರಜನಕ, ರಂಜಕಗಳನ್ನು ಮೈಗೂಡಿಸಿಕೊಳ್ಳುತ್ತವೆ. ಅವುಗಳಲ್ಲಿ ಒಂದು ಪಾಲನ್ನು ಸ್ಕಿಮ್ಮರ್ ಎತ್ತಿ ಹೊರಹಾಕುತ್ತದೆ. ಕಲ್ಲಿನ ಒಳಗೆ ಆಮ್ಲಜನಕ ತಲುಪದ ಕಡೆ ಇನ್ನೊಂದು ಬಗೆಯವು ನೈಟ್ರೇಟಿನ ಆಮ್ಲಜನಕವನ್ನೇ ಉಸಿರಾಡಿ, ಉಳಿದ ಸಾರಜನಕವನ್ನು ಅನಿಲವಾಗಿ ಗಾಳಿಗೆ ಬಿಡುತ್ತವೆ. ಇದಕ್ಕೆ ವೋಡ್ಕಾ ಹಾಕುವ ಪದ್ಧತಿ ಹಳೆಯದು. ನಾನು ಆರಿಸಿಕೊಂಡದ್ದು ಬಣ್ಣ, ಪರಿಮಳ ಸೇರಿಸದ ಬಿಳಿ ವಿನೆಗರ್. 5 ಶೇಕಡಾ ವಿನೆಗರಿನ ಒಂದು ಮಿಲಿಲೀಟರಿನಲ್ಲಿರುವ ಇಂಗಾಲ 40 ಶೇಕಡಾ ವೋಡ್ಕಾದಲ್ಲಿರುವುದರ ಎಂಟನೇ ಒಂದು ಭಾಗದಷ್ಟೇ. ಈ ತೆಳುತನವೇ ಅನುಕೂಲ: ಅಳತೆಯಲ್ಲಿ ಒಂದೆರಡು ಮಿಲಿಲೀಟರ್ ಹೆಚ್ಚುಕಡಿಮೆಯಾದರೂ ತೊಟ್ಟಿ ತಡೆದುಕೊಳ್ಳುತ್ತದೆ.

ದಿನಕ್ಕೆ 3 ಮಿಲಿಲೀಟರಿನಿಂದ ಆರಂಭಿಸಿ, ವಾರಕ್ಕೊಮ್ಮೆ 3 ಹೆಚ್ಚಿಸುತ್ತ ಹೋದೆ. ಡೋಸಿಂಗ್ ಪಂಪು ಅದನ್ನು ಹಗಲಿನಲ್ಲಿ ಹಲವು ಸಣ್ಣ ಪಾಲುಗಳಾಗಿ, ಸ್ಕಿಮ್ಮರಿನ ಬಾಯಿಯ ಹತ್ತಿರ ಬಿಡುತ್ತದೆ. ಕೊಳವೆಯ ತುದಿ ನೀರಿಗೆ ತಾಗಬಾರದು. ತಾಗಿದರೆ ಅಲ್ಲಿ ಬಿಳಿ ಲೋಳೆ ಬೆಳೆದು ಕೊಳವೆಯನ್ನು ಮುಚ್ಚುತ್ತದೆ. ವಿನೆಗರ್ ಬಾಟಲಿ ಕೊಳವೆಯ ತುದಿಗಿಂತ ಕೆಳಮಟ್ಟದಲ್ಲಿರಬೇಕು, ಇಲ್ಲವಾದರೆ ಪಂಪು ಕೆಟ್ಟ ದಿನ ಸೈಫನ್ ಆಗಿ ಇಡೀ ಬಾಟಲಿ ತೊಟ್ಟಿಗಿಳಿದೀತು. ಎಲ್ಲಕ್ಕಿಂತ ಮುಖ್ಯವಾದದ್ದು ಆಮ್ಲಜನಕ. ಹೆಚ್ಚುವ ಬ್ಯಾಕ್ಟೀರಿಯಾಗಳು ಅದನ್ನು ಬೇಗ ಬಳಸುತ್ತವೆ, ಸ್ಕಿಮ್ಮರ್ ಅದನ್ನು ನೀರಿಗೆ ಮರಳಿ ತುಂಬುತ್ತದೆ. ನಮ್ಮಲ್ಲಿ ಮಳೆಗಾಲದ ಸಂಜೆಗಳಲ್ಲಿ ಕರೆಂಟು ಹೋಗುವುದು ಮಾಮೂಲು. ರಿಟರ್ನ್ ಪಂಪು ಯುಪಿಎಸ್ ಮೇಲಿದೆ, ಸ್ಕಿಮ್ಮರ್ ಇಲ್ಲ. ಹಾಗಾಗಿ ಡೋಸಿಂಗ್ ಪಂಪನ್ನೂ ಸ್ಕಿಮ್ಮರಿನ ಸಾಲಿಗೇ ಜೋಡಿಸಿದೆ. ಸ್ಕಿಮ್ಮರ್ ನಿಂತ ಕ್ಷಣ ವಿನೆಗರೂ ನಿಲ್ಲುತ್ತದೆ.

ಮೊದಲ ವಾರಗಳಲ್ಲಿ ನೈಟ್ರೇಟ್ 30ರ ಸುತ್ತ ಅಲುಗಾಡಲಿಲ್ಲ. ಈ ಹಂತದಲ್ಲಿ ಬೇಸರಗೊಂಡು ಪ್ರಮಾಣವನ್ನು ದುಪ್ಪಟ್ಟು ಮಾಡಿದರೆ ನೀರು ಹಾಲಿನಂತಾಗಿ ಮೀನುಗಳು ಮೇಲ್ಮೈಗೆ ಬಂದು ಬಾಯಿ ತೆರೆಯುತ್ತವೆ. ಕಾಯುವುದೇ ಸರಿ. ದಿನಕ್ಕೆ 15 ಮಿಲಿಲೀಟರ್ ದಾಟಿದ ಮೇಲೆ ಸ್ಕಿಮ್ಮರಿನ ಕಸ ದಟ್ಟವಾಗಿ, ಸ್ವಲ್ಪ ಹುಳಿ ವಾಸನೆಯೊಂದಿಗೆ ಬರತೊಡಗಿತು. ಅಂಕಿ 28, 21, ಆಮೇಲೆ 14ಕ್ಕೆ ಇಳಿಯಿತು. ಅಲ್ಲಿ ಮತ್ತೆ ನಿಂತಿತು.

ನಿಂತ ಕಾರಣ ನೀರಿನಲ್ಲಿನ ರಂಜಕದ ರೂಪವಾದ ಫಾಸ್ಫೇಟಿನಲ್ಲಿ ಸಿಕ್ಕಿತು. ಆರಂಭದಲ್ಲಿ ಹಾನ್ನಾ ಕಂಪನಿಯ ಮಾಪಕ 80 ಪಿಪಿಬಿ (ಒಂದು ಪಿಪಿಬಿ ಪಿಪಿಎಂನ ಸಾವಿರದಲ್ಲೊಂದು ಪಾಲು) ರಂಜಕ ತೋರಿಸಿತ್ತು; 3.066ರಿಂದ ಗುಣಿಸಿದರೆ ಅದು ಸುಮಾರು 0.25 ಪಿಪಿಎಂ ಫಾಸ್ಫೇಟ್. ಈಗ ಅದು 0.02ಕ್ಕೆ ಕುಸಿದಿತ್ತು. ಕಡಲ ಜೀವಿಗಳ ಮೈಯಲ್ಲಿ ಇಂಗಾಲ, ಸಾರಜನಕ, ರಂಜಕಗಳ ಅನುಪಾತ ಸರಾಸರಿ 106:16:1 ಎಂದು ಆಲ್‌ಫ್ರೆಡ್ ರೆಡ್‌ಫೀಲ್ಡ್ 1930ರ ದಶಕದಲ್ಲಿ ಆರಂಭಿಸಿದ ಅಧ್ಯಯನದಿಂದ ತಿಳಿದುಬಂತು. ಇದನ್ನು ತೂಕಕ್ಕೆ ಇಳಿಸಿದರೆ ಸುಮಾರು 10 ಪಾಲು ನೈಟ್ರೇಟಿಗೆ 1 ಪಾಲು ಫಾಸ್ಫೇಟ್. ಬ್ಯಾಕ್ಟೀರಿಯಾಗಳು ಮೈಗೂಡಿಸಿಕೊಂಡೇ 10 ಪಿಪಿಎಂ ನೈಟ್ರೇಟ್ ತೆಗೆಯಬೇಕಾದರೆ ಅವಕ್ಕೆ 1 ಪಿಪಿಎಂ ಫಾಸ್ಫೇಟ್ ಬೇಕು. ನೀರಿನಲ್ಲಿದ್ದದ್ದು ಅದರ ಕಾಲು ಭಾಗ ಮಾತ್ರ. ಉಳಿದದ್ದು ದಿನದ ಆಹಾರದಿಂದ, ಕಲ್ಲು ಹಿಡಿದಿಟ್ಟುಕೊಂಡಿದ್ದ ದಾಸ್ತಾನಿನಿಂದ ಬರುತ್ತಿತ್ತು. ಇನ್ನೊಂದೆಡೆ ಫಾಸ್ಫೇಟ್ ಹೀರುವ ಕಬ್ಬಿಣದ ಆಕ್ಸೈಡ್ ಚೀಲವೊಂದು ಸಂಪಿನಲ್ಲಿ ಮೊದಲಿನಿಂದಲೂ ನೇತಾಡುತ್ತಿತ್ತು. ಅದನ್ನು ತೆಗೆದೆ, ವಿನೆಗರನ್ನು ಹೆಚ್ಚಿಸದೆ ಹಾಗೇ ಹಿಡಿದೆ. ಫಾಸ್ಫೇಟ್ 0.05ಕ್ಕೆ ಮರಳಿದ ಮೇಲೆ ನೈಟ್ರೇಟ್ ಮತ್ತೆ ಇಳಿಯಲು ತೊಡಗಿ 8ಕ್ಕೆ ಬಂತು. ನೈಟ್ರೇಟ್ ಇಳಿಸಲು ಹೊರಟವರು ಫಾಸ್ಫೇಟ್ ಮಾಪಕವಿಲ್ಲದೆ ವಿನೆಗರ್ ಬಾಟಲಿ ಮುಟ್ಟಬಾರದೆಂದೇ ನಾನು ಹೇಳುತ್ತೇನೆ. ಎರಡೂ ಸೊನ್ನೆಗಿಳಿದ ತೊಟ್ಟಿಯಲ್ಲಿ ಹವಳ ಬಿಳಿಚಿಕೊಳ್ಳುತ್ತದೆ, ಮರಳಿನ ಮೇಲೆ ಗುಳ್ಳೆ ಕಟ್ಟಿದ ಕಂದು ಲೋಳೆಯಾಗಿ ಸೂಕ್ಷ್ಮಜೀವಿಗಳಾದ ಡೈನೊಫ್ಲಾಜೆಲೇಟ್‌ಗಳು ಹಬ್ಬುತ್ತವೆ. ಅವುಗಳನ್ನು ತೊಲಗಿಸುವುದು 60 ಪಿಪಿಎಂ ನೈಟ್ರೇಟನ್ನು ಇಳಿಸುವುದಕ್ಕಿಂತ ಬಹಳ ಕಷ್ಟದ ಕೆಲಸ.

ಬೇರೆ ಉಪಾಯಗಳನ್ನೂ ಪರಿಶೀಲಿಸಿದ್ದೆ. ಸಿಹಿನೀರಿನ ತೊಟ್ಟಿಗೆ ಮಾರುವ ನೈಟ್ರೇಟ್ ಹೀರುವ ರಾಳಗಳು ಕಡಲ ನೀರಿನಲ್ಲಿ ಕೆಲಸಕ್ಕೆ ಬಾರವು, ಅಲ್ಲಿನ ಅಪಾರ ಕ್ಲೋರೈಡ್, ಸಲ್ಫೇಟ್‌ಗಳೇ ರಾಳವನ್ನು ತುಂಬಿಬಿಡುತ್ತವೆ. ಗಂಧಕದ ಮೇಲೆ ಬ್ಯಾಕ್ಟೀರಿಯಾ ಬೆಳೆಸಿ ನೈಟ್ರೇಟ್ ತೆಗೆಯುವ ಗಂಧಕದ ರಿಯಾಕ್ಟರ್ ನಿಜಕ್ಕೂ ಪರಿಣಾಮಕಾರಿ, ಆದರೆ ಅದರಿಂದ ಹೊರಬರುವ ನೀರು ಆಮ್ಲೀಯವಾಗಿದ್ದು ಕ್ಷಾರೀಯತೆಯನ್ನು ತಿನ್ನುತ್ತದೆ. ಈ ಗಾತ್ರದ ತೊಟ್ಟಿಗೆ ಅದರ ಅಗತ್ಯ ಕಾಣಲಿಲ್ಲ.

ಇಳಿಕೆಯ ಉದ್ದಕ್ಕೂ ಹವಳಗಳು ಒಂದೇ ರೀತಿ ಪ್ರತಿಕ್ರಿಯಿಸಲಿಲ್ಲ. ಲೆದರ್ ಹವಳ ಕೆಲವು ದಿನ ಮುದುಡಿ, ಮೇಲಿನ ಮೇಣದಂಥ ಪೊರೆಯನ್ನು ಕಳಚಿ, ಮತ್ತೆ ಅರಳಿತು. ಜೋಆಂಥಿಡ್‌ಗಳ ಅಂಚಿನಲ್ಲಿ ಮೊದಲು ಕಿತ್ತಳೆ, ಆಮೇಲೆ ನಡುವಿನ ಹಸಿರು ಮರಳಿತು. ಪೋಷಕಾಂಶ ಹೆಚ್ಚಿರುವ ನೀರಿನಲ್ಲಿ ಹುಲುಸಾಗಿ ಬೆಳೆಯುವ ಝೀನಿಯಾ ಮಾತ್ರ ಸ್ವಲ್ಪ ಕುಗ್ಗಿದೆ, ಅದು ಹಬ್ಬಿದ್ದ ಕಲ್ಲಿನ ಒಂದು ಬದಿ ಈಗ ಖಾಲಿ. ಗಾಜನ್ನು ನಾಲ್ಕೈದು ದಿನಕ್ಕೊಮ್ಮೆ ಉಜ್ಜಿದರೆ ಸಾಕಾಗಿದೆ. ಕ್ಷಾರೀಯತೆಗೆಂದು ಪ್ರತಿ ವಾರ ಸೇರಿಸುತ್ತಿದ್ದ ಸೋಡಾ ಅರ್ಧಕ್ಕಿಂತ ಕಡಿಮೆಯಾಗಿದೆ.

ನೈಟ್ರೇಟ್ 8 ಮುಟ್ಟಿದ ಮೇಲೆ ವಿನೆಗರನ್ನು ದಿನಕ್ಕೆ 24ರಿಂದ ಹಂತಹಂತವಾಗಿ 12 ಮಿಲಿಲೀಟರಿಗೆ ಇಳಿಸಿದ್ದೇನೆ. ನೈಟ್ರೇಟ್ 5ಕ್ಕಿಂತ ಕೆಳಗೆ ಬಂದರೆ ಇನ್ನೂ 3 ಕಡಿಮೆ ಮಾಡುವುದು, 12 ದಾಟಿದರೆ 3 ಹೆಚ್ಚಿಸುವುದು, ಫಾಸ್ಫೇಟ್ 0.03ರ ಕೆಳಗಿದ್ದರೆ ಏನನ್ನೂ ಹೆಚ್ಚಿಸದೆ ಮೊದಲು ಮೈಸಿಸ್ ಒಂದು ತುಂಡು ಹೆಚ್ಚು ಹಾಕುವುದು. ಪರೀಕ್ಷೆ ವಾರಕ್ಕೊಮ್ಮೆ, ನೀರು ಬದಲಾಯಿಸುವ ಮುಂಚೆ, ಒಂದೇ ಹೊತ್ತಿಗೆ. ಸಂಪಿನಲ್ಲಿ ಉಳಿದಿರುವ ಇನ್ನೊಂದು ಸೆರಾಮಿಕ್ ಚೀಲವನ್ನು ಸದ್ಯಕ್ಕೆ ಹಾಗೇ ಬಿಟ್ಟಿದ್ದೇನೆ. ಪಾಚಿಯ ಕೊಯ್ಲು ಎರಡು ವಾರಕ್ಕೆ ನೂರು ಗ್ರಾಂನಲ್ಲಿ ಸ್ಥಿರವಾಗಿ, ಅಮೋನಿಯ ಸೊನ್ನೆಯಲ್ಲೇ ಉಳಿದರೆ ಅದರ ಉಂಗುರಗಳನ್ನು ಒಂದೊಂದು ಹಿಡಿಯಂತೆ ತೆಗೆಯುತ್ತ ಹೋಗಿ, ಆ ಜಾಗವನ್ನೂ ಪಾಚಿಗೇ ಬಿಡುವ ಯೋಚನೆಯಿದೆ.